ಒಂದನೇ ತರಗತಿಗೆ ಓದು ಕಲಿಸಲು ಯಾವುದು ಮೊದಲು: ವರ್ಣಮಾಲೆಯೋ, ರ ಗ ಸ ದ ಅ ಕ್ರಮವೋ, ಕಿವಿಯ ಆಟವೋ?

ಜೂನ್ ಬಂತೆಂದರೆ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಒಂದನೇ ತರಗತಿಯ ಮೇಷ್ಟ್ರು, ಮಿಸ್‌ಗಳ ನಡುವೆ ಈ ಚರ್ಚೆ ಬಂದೇ ಬರುತ್ತದೆ. ಅಕ್ಷರ ಎಲ್ಲಿಂದ ಶುರು ಮಾಡೋಣ? ಹಳೇ ಅ ಆ ಇ ಈ? ಸರ್ಕಾರಿ ಶಾಲೆಗಳ ಚಟುವಟಿಕೆ ಆಧಾರಿತ ಕಲಿಕೆಯಾದ ನಲಿಕಲಿಯ ರ ಗ ಸ ದ ಅ? ಇಂಗ್ಲಿಷ್ ಶಾಲೆಗಳ ಫೋನಿಕ್ಸ್ ಥರ 'ಕ್, ಅ, ಕ' ಎಂದು ಒಡೆದು ಹೇಳಿಕೊಡೋಣವೇ? ಇಲ್ಲಾ, ಸ್ಲೇಟು ಪಕ್ಕಕ್ಕಿಟ್ಟು ಮೊದಲು ಬರೀ ಬಾಯಿ ಮತ್ತು ಕಿವಿಯ ಆಟ ಆಡಿಸೋಣವೇ?

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮೊದಲು ಕಿವಿಯ ಆಟ, ಅದೂ ಇಡೀ ಅಕ್ಷರದ ಮಟ್ಟದಲ್ಲಿ, ಮಗುವಿನ ಮನೆಯ ಮಾತುಗಳಿಂದಲೇ. ಅದರ ಜೊತೆಗೆ ರ ಗ ಸ ದ ಅ ಕ್ರಮ. ಅಕ್ಷರವನ್ನು ಒಡೆದು ವ್ಯಂಜನ, ಸ್ವರ ಬೇರೆ ಮಾಡಿ ಕೇಳಿಸುವ ಕೆಲಸ ಕಾಗುಣಿತದ ಹೊತ್ತಿಗೆ. ವರ್ಣಮಾಲೆಯ ಕ್ರಮ ಎಲ್ಲಕ್ಕಿಂತ ಕೊನೆಗೆ. ಯಾಕೆ ಹೀಗೆ ಅನ್ನುವುದನ್ನು ಒಂದೊಂದಾಗಿ ನೋಡೋಣ.

ಧ್ವನಿ ಅರಿವು ಅಂದರೆ ಇಷ್ಟೇ

'ಮಾವು' ಎಂಬ ಮಾತಿನಲ್ಲಿ ಎರಡು ತುಂಡು ಇವೆ, 'ಮಾವು' ಮತ್ತು 'ಮಾತು' ಒಂದೇ ಥರ ಶುರುವಾಗುತ್ತವೆ, 'ಅರಸ'ದಲ್ಲಿ ಅ ತೆಗೆದರೆ 'ರಸ' ಉಳಿಯುತ್ತದೆ. ಇದೆಲ್ಲ ಅಕ್ಷರದ ಆಕಾರ ನೋಡದೆ, ಬರೀ ಕೇಳಿ ಗೊತ್ತಾಗುವುದೇ ಧ್ವನಿ ಅರಿವು. ಐದಾರು ವರ್ಷದ ಮಗುವಿಗೆ ಇದು ತಾನಾಗಿ ಬರುತ್ತದೆ ಎಂದುಕೊಳ್ಳುವ ಹಾಗಿಲ್ಲ. ಮಗು ಮಾತನಾಡುವಾಗ ಅದರ ಗಮನವೆಲ್ಲ ಅರ್ಥದ ಮೇಲೆ ಇರುತ್ತದೆ. ಮಾವು ಅಂದರೆ ಅದಕ್ಕೆ ಹಣ್ಣು ನೆನಪಾಗುತ್ತದೆ, ಮಾ ಮತ್ತು ವು ಅಲ್ಲ.

ಈ ಅರಿವು ಇಲ್ಲದ ಮಗುವನ್ನು ನೀವೆಲ್ಲ ನೋಡಿರುತ್ತೀರಿ. ವರ್ಣಮಾಲೆ ಪೂರ್ತಿ ಬಾಯಿಪಾಠ. ಸ ಎಲ್ಲಿ ಅಂದರೆ ತೋರಿಸುತ್ತದೆ, ರ ಎಲ್ಲಿ ಅಂದರೂ ತೋರಿಸುತ್ತದೆ. 'ಸರ' ಓದು ಅಂದರೆ 'ಸ... ರ...' ಎಂದು ಹೇಳಿ ನಿಮ್ಮ ಮುಖ ನೋಡುತ್ತದೆ. ಎರಡನ್ನೂ ಸೇರಿಸಿದರೆ ಕೊರಳಿಗೆ ಹಾಕುವ ಸರ ಆಗುತ್ತದೆ ಎಂಬುದು ಹೊಳೆಯುವುದಿಲ್ಲ. ಆ ಮಗುವಿನ ಕೈಗೆ ಮತ್ತೆ ಕಾಪಿ ಪುಸ್ತಕ ಕೊಟ್ಟು ಸ, ರ ತಿದ್ದಿಸಿದರೆ ಪ್ರಯೋಜನ ಇಲ್ಲ. ತೊಡಕು ಕಣ್ಣಿನಲ್ಲಿಲ್ಲ, ಸೇರಿಸಿ ಕೇಳಿಸಿಕೊಳ್ಳುವುದರಲ್ಲಿದೆ.

ವರ್ಣಮಾಲೆಯ ದಾರಿ

13 ಸ್ವರ, 2 ಯೋಗವಾಹ, 34 ವ್ಯಂಜನ, ಒಟ್ಟು 49. ಅಪ್ಪ ಅಮ್ಮಂದಿರಿಗೆ ಇದೇ ಬೇಕು. ಅ ಆ ಇ ಈ ಬರೆದರೆ ಮಗು ಕಲಿಯುತ್ತಿದೆ ಎಂಬ ಸಮಾಧಾನ ಅವರಿಗೆ. ಆದರೆ ಮಗುವಿನ ಕಡೆಯಿಂದ ನೋಡಿ. ಸ್ವರಗಳೆಲ್ಲ ಮುಗಿಯುವ ತನಕ ಅದು ಓದಬಹುದಾದ ಮಾತು 'ಆ', 'ಈ' ಬಿಟ್ಟರೆ ಏನೂ ಇಲ್ಲ. ಮುಂದೆ ಕ ಖ ಗ ಘ ಙ. ಙ ಬಳಸಿ ಬರೆಯುವ ಒಂದು ಮಾತೂ ಮಗುವಿನ ಬಾಯಲ್ಲಿ ಇಲ್ಲ. ತಿಂಗಳುಗಟ್ಟಲೆ ಆಕಾರ ತಿದ್ದಿದ ಮೇಲೂ ಓದಿನ ರುಚಿ ಸಿಗುವುದಿಲ್ಲ.

ಹಾಗಂತ ಈ ಕ್ರಮವನ್ನು ನಾನು ತಳ್ಳಿಹಾಕುವುದಿಲ್ಲ. ವರ್ಗಾಕ್ಷರಗಳನ್ನು ಹಿರಿಯರು ಜೋಡಿಸಿರುವುದೇ ಬಾಯಿಯೊಳಗೆ ಶಬ್ದ ಹುಟ್ಟುವ ಜಾಗ ನೋಡಿ. ಕ ಗಂಟಲ ಕಡೆ, ಚ ಅಂಗುಳದಲ್ಲಿ, ಟ ನಾಲಿಗೆ ಮಡಚಿ, ತ ಹಲ್ಲಿಗೆ ತಗುಲಿ, ಪ ತುಟಿಯಲ್ಲಿ. ಅಕ್ಷರ ಗೊತ್ತಿರುವ ಎರಡನೇ ತರಗತಿಯ ಮಕ್ಕಳನ್ನು ಕೂರಿಸಿಕೊಂಡು, ಪ ಫ ಬ ಭ ಮ ಹೇಳಿಸಿ, ತುಟಿ ಮುಚ್ಚಿತಾ ನೋಡಿ ಎನ್ನಿ. ಪ, ಫ ಹೇಳುವಾಗ ಬಾಯಿಯ ಮುಂದೆ ಅಂಗೈ ಹಿಡಿಯಲು ಹೇಳಿ, ಯಾವುದಕ್ಕೆ ಗಾಳಿ ಜಾಸ್ತಿ ಬಂತು ಕೇಳಿ. ಮಕ್ಕಳಿಗೆ ಇದು ತುಂಬಾ ಖುಷಿ ಕೊಡುತ್ತದೆ, ಕ್ರಮವೂ ತಲೆಯಲ್ಲಿ ಕೂರುತ್ತದೆ. ಮೊದಲ ಪಾಠವಾಗಿ ಇದು ಬೇಡ, ಗೊತ್ತಿರುವುದನ್ನು ಜೋಡಿಸಿಕೊಳ್ಳುವ ಪಾಠವಾಗಿ ಖಂಡಿತ ಬೇಕು.

ನಲಿಕಲಿಯ ಕ್ರಮ

ನಲಿಕಲಿ 1995ರಲ್ಲಿ ಯುನಿಸೆಫ್ ನೆರವಿನಿಂದ ಎಚ್.ಡಿ. ಕೋಟೆಯಲ್ಲಿ ಶುರುವಾಯಿತು. ಅದಕ್ಕೆ ಮಾದರಿ ಸಿಕ್ಕಿದ್ದು ನಮ್ಮ ಶ್ರೀನಿವಾಸಪುರದ ಗಡಿಯಾಚೆ, ಮದನಪಲ್ಲಿ ಬಳಿಯ ರಿಷಿ ವ್ಯಾಲಿಯಲ್ಲಿ. ಅಲ್ಲಿನ ಗ್ರಾಮೀಣ ಶಾಲೆಗಳಲ್ಲಿ ಕಾರ್ಡು, ಏಣಿ (ಯಾವುದಾದ ಮೇಲೆ ಯಾವುದು ಕಲಿಯಬೇಕೆಂದು ಮೆಟ್ಟಿಲಾಗಿ ತೋರಿಸುವ ಪಟ), ಗುಂಪು ಕಲಿಕೆ ಆಗಲೇ ನಡೆಯುತ್ತಿತ್ತು. 2009-10ರಿಂದ ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳಿಗೆಲ್ಲ ಬಂತು.

ಇದರ ಅಕ್ಷರ ಕ್ರಮದ ದೊಡ್ಡ ಲಾಭ ಒಂದೇ. ರ ಗ ಸ ದ ಅ ಎಂಬ ಐದೇ ಅಕ್ಷರಕ್ಕೆ ಸರ, ರಸ, ಅರಸ, ಅಗಸ, ಗರಗಸ ಸಿಗುತ್ತವೆ. ಗುಣಿತ ಇಲ್ಲ, ಒತ್ತು ಇಲ್ಲ. ಬರೆಯಲೂ ಆಕಾರಗಳು ಹತ್ತಿರ ಹತ್ತಿರ. ಮಗು ಕೆಲವೇ ವಾರಗಳಲ್ಲಿ 'ನಾನು ಓದಿದೆ' ಅನ್ನುತ್ತದೆ. ಆ ಮಾತಿಗೆ ಬೆಲೆ ಕಟ್ಟಲು ಆಗುವುದಿಲ್ಲ.

ಕೊರತೆ ಎಲ್ಲಿದೆ ಅಂದರೆ, ಕಾರ್ಡು ಕಣ್ಣಿಗೆ ಕೆಲಸ ಕೊಡುತ್ತದೆ, ಕಿವಿಗೆ ಕೊಡುವುದು ಮೇಷ್ಟ್ರ ಕೈಯಲ್ಲಿದೆ. ಐದು ತಟ್ಟೆ, ಅಂದರೆ ಮಕ್ಕಳು ಕೂರುವ ಐದು ಗುಂಪು, ಮೂರು ತರಗತಿಯ ಮಕ್ಕಳು, ಒಬ್ಬರೇ ಶಿಕ್ಷಕರು. ಇಂಥ ಕಡೆ ಮಗು ಕಾರ್ಡಿನ ಗುರುತಿನ ಚಿತ್ರ (ಲೋಗೋ) ನೋಡಿ ಕಾರ್ಡು ತೆಗೆದು, ಚಿತ್ರಕ್ಕೆ ಪದ ಹೊಂದಿಸಿ, ಇಟ್ಟು ಬರುವುದು ಸುಲಭ. ಬಾಯಿ ತೆರೆದು ಸೇರಿಸಿ ಓದಿತಾ ಎಂದು ನೋಡುವವರಿಲ್ಲ. ಆದ್ದರಿಂದ ಮೊದಲ ತಟ್ಟೆಯಲ್ಲಿ, ಅಂದರೆ ನೀವೇ ಪೂರ್ತಿ ಜೊತೆಗಿರುವ ಗುಂಪಿನಲ್ಲಿ, ಪ್ರತಿ ಹೊಸ ಅಕ್ಷರದ ಕಾರ್ಡಿಗೂ ಮೊದಲು ಕಿವಿಯ ಆಟ ಇಟ್ಟುಕೊಳ್ಳಿ. ಗ ಕಾರ್ಡು ತೋರಿಸುವ ಮೊದಲು ಗ ಇಂದ ಶುರುವಾಗುವ ಮಾತು ಮಕ್ಕಳೇ ಹೇಳಲಿ: ಗಡಿಗೆ, ಗದ್ದೆ, ಗಣಪ. ಆಮೇಲೆ ಕಾರ್ಡು.

ಪದವನ್ನೇ ಇಡಿಯಾಗಿ ಓದಿಸುವುದು

ಕತೆ ಓದಿ ಹೇಳುವುದು ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪದದ ಚಿತ್ರವನ್ನೇ ನೆನಪಿಟ್ಟು ಓದುವುದನ್ನೇ ಮುಖ್ಯ ದಾರಿ ಮಾಡಿಕೊಂಡರೆ ಕನ್ನಡದಲ್ಲಿ ಬೇಗ ಸಿಕ್ಕಿಬೀಳುತ್ತೇವೆ. 'ಶಾಲೆ' ಗುರುತು ಸಿಕ್ಕಿತು ಅನ್ನೋಣ. ಮುಂದಿನ ಪುಟದಲ್ಲಿ ಶಾಲೆಗೆ, ಶಾಲೆಯಿಂದ, ಶಾಲೆಯಲ್ಲಿ, ಶಾಲೆಯಲ್ಲಿದ್ದಾಳೆ. ಪ್ರತಿಯೊಂದೂ ಹೊಸ ಆಕಾರ. ನೆನಪು ಎಷ್ಟನ್ನು ಹೊರುತ್ತದೆ? ಮಗುವಿನ ಹೆಸರು, ಊರಿನ ಹೆಸರು, ತರಗತಿಯ ವಸ್ತುಗಳ ಚೀಟಿ, ಇಷ್ಟಕ್ಕೆ ಈ ದಾರಿ ಸಾಕು.

ಕಿವಿಯ ಆಟ: ಇಲ್ಲಿ ಸ್ವಲ್ಪ ನಿಧಾನವಾಗಿ

ಇದಕ್ಕೆ ಸಾಮಾನು ಬೇಡ, ಖರ್ಚಿಲ್ಲ. ಬೆಳಗ್ಗೆ ಹತ್ತು ನಿಮಿಷ ಸಾಕು. ಅಂಗನವಾಡಿಗೂ ಆಗುತ್ತದೆ, ಎಲ್‌ಕೆಜಿಗೂ ಆಗುತ್ತದೆ. 2021ರಲ್ಲಿ ಕೇಂದ್ರ ಸರ್ಕಾರದ ಓದು-ಲೆಕ್ಕದ ಬುನಾದಿ ಯೋಜನೆ ನಿಪುಣ್ ಭಾರತ್ ಜೊತೆ ಬಂದ, ಒಂದನೇ ತರಗತಿಯ ಮಕ್ಕಳನ್ನು ಆಟದ ಮೂಲಕ ಶಾಲೆಗೆ ಸಿದ್ಧಮಾಡುವ ವಿದ್ಯಾಪ್ರವೇಶದ ಮೂರು ತಿಂಗಳು ಇದಕ್ಕೆ ಹೇಳಿ ಮಾಡಿಸಿದ ಸಮಯ.

ಚಪ್ಪಾಳೆಯಿಂದ ಶುರು ಮಾಡಿ. ಬಸ್ಸಿನ ಬೋರ್ಡಿನ ಊರುಗಳೇ ಸಾಕು. ಕೋ-ಲಾ-ರ, ಮೂರು. ಚಿಂ-ತಾ-ಮ-ಣಿ, ನಾಲ್ಕು. ಮು-ಳ-ಬಾ-ಗಿ-ಲು, ಐದು. ಶ್ರೀ-ನಿ-ವಾ-ಸ-ಪು-ರ, ಆರು. ಮಕ್ಕಳು ತಮ್ಮ ಅಜ್ಜಿ ಊರಿಗೆ ಎಷ್ಟು ಚಪ್ಪಾಳೆ ಎಂದು ಸ್ಪರ್ಧೆಗೆ ಬೀಳುತ್ತಾರೆ. ಆಮೇಲೆ ಕಳೆಯುವ ಆಟ. ಮುಳಬಾಗಿಲಿನಲ್ಲಿ 'ಮುಳ' ಬಿಟ್ಟರೆ? ಬಾಗಿಲು. ಚಿಂತಾಮಣಿಯಲ್ಲಿ 'ಚಿಂತಾ' ಬಿಟ್ಟರೆ? ಮಣಿ. ಬಂಗಾರಪೇಟೆಯಲ್ಲಿ 'ಬಂಗಾರ' ಬಿಟ್ಟರೆ? ಪೇಟೆ. ದೊಡ್ಡ ತುಂಡು ಕಳೆಯುವುದು ಬಂದ ಮೇಲೆ ಒಂದೊಂದೇ ಅಕ್ಷರ. ಕೊನೆಗೆ ತಿರುಗಿಸುವ ಆಟ: ಸರ ಹಿಂದುಮುಂದು ಮಾಡಿದರೆ ರಸ, ಜಗ ತಿರುಗಿಸಿದರೆ ಗಜ. ಇದು ಕಷ್ಟದ್ದು, ವರ್ಷದ ಕೊನೆಗೆ ಇಟ್ಟುಕೊಳ್ಳಿ.

ಅಂತ್ಯಾಕ್ಷರಿ ಬಗ್ಗೆ ಒಂದು ಮಾತು. ಕನ್ನಡ ಮಾತುಗಳು ಜಾಸ್ತಿ ಲು, ರು, ಳೆ ಥರ ಮುಗಿಯುತ್ತವೆ. 'ಹಾಲು' ಅಂದಮೇಲೆ ಲು ಇಂದ ಏನು ಹೇಳುವುದು? ಆಟ ಅಲ್ಲಿಗೇ ನಿಲ್ಲುತ್ತದೆ. ನಿಯಮ ಸಡಿಲಿಸಿ: ಲ ಬಳ್ಳಿಯ (ಲ ಲಾ ಲಿ ಲೀ ಸಾಲಿನ) ಯಾವುದಾದರೂ ಆಗಬಹುದು. ಹಾಲು ಆದಮೇಲೆ ಲಾಡು, ಲಾಡು ಆದಮೇಲೆ ದೋಸೆ ಅಂತ ಯಾರಾದರೂ ಹೇಳಿದರೆ ಉಳಿದವರು ತಡೆಯಲಿ, ಡಬ್ಬ ಅಂದರೆ ಒಪ್ಪಲಿ. ಲು ಮತ್ತು ಲಾ ಒಂದೇ ಬಳ್ಳಿಯವು ಎಂದು ಕಿವಿಯಿಂದಲೇ ಕಂಡುಕೊಂಡ ಮಗುವಿಗೆ ಕಾಗುಣಿತದ ಅರ್ಧ ಕೆಲಸ ಮುಗಿದ ಹಾಗೆ.

ಮತ್ತೊಂದು ಸೂಕ್ಷ್ಮ ಇದೆ, ಶಿಕ್ಷಕರಿಗೆ ಇದು ಗೊತ್ತಿರಲೇಬೇಕು. 'ಮುದ್ದೆ' ಅಂತ ನಿಧಾನವಾಗಿ ಹೇಳಿ ನೋಡಿ. ಬಾಯಿ 'ಮುದ್-ದೆ' ಎಂದು ಬಿಡಿಸುತ್ತದೆ. ಬರವಣಿಗೆ 'ಮು-ದ್ದೆ' ಎಂದು ಬಿಡಿಸುತ್ತದೆ. ಚಪ್ಪಾಳೆ ಎರಡೂ ಕಡೆ ಎರಡೇ, ಆದರೆ ತುಂಡಾಗುವ ಜಾಗ ಬೇರೆ. ಅಕ್ಕ, ಕತ್ತೆ, ಬಳ್ಳಿ, ಹಪ್ಪಳ ಎಲ್ಲದಕ್ಕೂ ಹೀಗೇ. ಒತ್ತಕ್ಷರ ಬಿಟ್ಟು 'ಮುದೆ' ಎಂದು ಬರೆಯುವ ಮಗುವಿಗೆ ಮು ಆದಮೇಲೆ ದೆ ಕೇಳಿಸಿದೆ, ನಡುವಿನ ದ್ ಹಿಂದಿನ ತುಂಡಿಗೆ ಅಂಟಿಕೊಂಡು ಕಣ್ಮರೆಯಾಗಿದೆ. ತಪ್ಪು ಎಂದು ಕೆಂಪು ಗೆರೆ ಎಳೆಯುವ ಬದಲು ಜೋಡಿ ಮಾತು ಕೇಳಿಸಿ. ಕತೆ, ಕತ್ತೆ. ಬಳಿ, ಬಳ್ಳಿ. ನಾನು 'ಕತ್ತೆ' ಅಂದಾಗ ಕೈ ಎತ್ತಿ, 'ಕತೆ' ಅಂದಾಗ ಸುಮ್ನೆ ಕೂತಿರಿ. ಒತ್ತಕ್ಷರ ಬರೆಯಿಸುವ ಮೊದಲ ಒಂದೆರಡು ವಾರ ಇದೊಂದೇ ಆಟ ಸಾಕು. ಹ್ರಸ್ವ, ದೀರ್ಘಕ್ಕೂ ಇದೇ ದಾರಿ: ಹಸು, ಹಾಸು. ಬಳೆ, ಬಾಳೆ. ಬೆಳೆ, ಬೇಳೆ.

ಮಹಾಪ್ರಾಣವನ್ನು ಮಾತ್ರ ಕಿವಿಯ ಪರೀಕ್ಷೆಗೆ ಹಾಕಬೇಡಿ. ನಮ್ಮ ಕಡೆಯ ಆಡುಮಾತಿನಲ್ಲಿ ಧ ಮತ್ತು ದ ಬೇರೆ ಮಾಡಿ ಹೇಳುವವರೇ ಕಡಿಮೆ. ಕೇಳದ್ದನ್ನು ಮಗು ಗುರುತಿಸುವುದು ಹೇಗೆ? ಅದನ್ನು ಓದಿನ ಜೊತೆ ಕಣ್ಣಿನಿಂದ ಕಲಿಸಬೇಕು. ಹ ವಿಷಯವೂ ಹೀಗೇ. ಮನೆಯಲ್ಲಿ ಹಾಲಿಗೆ 'ಆಲು' ಅನ್ನುವ ಮಗು, ಮೊದಲ ಅಕ್ಷರ ಆ ಎಂದು ಹೇಳಿದರೆ ಅದರ ಕಿವಿ ಸರಿಯಾಗಿಯೇ ಇದೆ. ಮೊದಲು ಹಾಗೆಂದು ಒಪ್ಪಿಕೊಳ್ಳಿ. ಆಮೇಲೆ 'ಪುಸ್ತಕದಲ್ಲಿ ಹಾಲು ಅಂತ ಬರೆಯುತ್ತೇವೆ, ಬಾ, ಇಬ್ಬರೂ ಹೇಳೋಣ' ಎನ್ನಿ.

ಮನೆಯಲ್ಲಿ ತೆಲುಗು, ತಮಿಳು, ಉರ್ದು ಇದ್ದರೆ

ಬಾಗೇಪಲ್ಲಿ, ಶ್ರೀನಿವಾಸಪುರ, ಮುಳಬಾಗಿಲಿನ ಎಷ್ಟೋ ಮನೆಗಳಲ್ಲಿ ತೆಲುಗು. ಕೆಜಿಎಫ್ ಕಡೆ ತಮಿಳು. ಶಿಡ್ಲಘಟ್ಟದ ರೇಷ್ಮೆ ಕೆಲಸದ ಕುಟುಂಬಗಳಲ್ಲಿ ಉರ್ದು. ಇಲ್ಲಿ ಆಯ್ಕೆ ಹೀಗೆ ಬರುತ್ತದೆ: ಕನ್ನಡ ಮಾತು ಚೆನ್ನಾಗಿ ಬರುವ ತನಕ ಧ್ವನಿ ಆಟಕ್ಕೆ ಕಾಯಬೇಕೋ, ಅಥವಾ ಮನೆ ಮಾತಿನಲ್ಲೇ ಶುರು ಮಾಡಬೇಕೋ?

ಮನೆ ಮಾತಿನಲ್ಲೇ ಶುರು ಮಾಡಿ. ತುಂಡು ಮಾಡಿ ಕೇಳಿಸಿಕೊಳ್ಳುವ ಶಕ್ತಿ ಒಂದು ಭಾಷೆಯಲ್ಲಿ ಬಂದರೆ ಇನ್ನೊಂದಕ್ಕೂ ಬರುತ್ತದೆ. ತೆಲುಗು ಮಾತುಗಳು ಕನ್ನಡದ ಹಾಗೇ ಸ್ವರದಲ್ಲಿ ಮುಗಿಯುವುದು ಜಾಸ್ತಿ, ಆದ್ದರಿಂದ ಚಪ್ಪಾಳೆ ಆಟ ಹಾಗೆ ಹಾಗೇ ನಡೆಯುತ್ತದೆ: ಪಿ-ಲ್ಲಿ, ಕು-ಕ್ಕ, ಪಾ-ಮು. ಅದಕ್ಕಿಂತ ಚೆಂದದ್ದು ಇನ್ನೊಂದು. ಪಾಲು, ಹಾಲು. ಪುಲಿ, ಹುಲಿ. ಪಂದಿ, ಹಂದಿ. ಮನೆಯ ಮಾತು, ಶಾಲೆಯ ಮಾತು ಎರಡನ್ನೂ ಪಕ್ಕಪಕ್ಕ ಹೇಳಿಸಿ, ಏನು ಬದಲಾಯಿತು ಕೇಳಿ. ಪು ಹೋಗಿ ಹು ಬಂತು, ಲಿ ಹಾಗೇ ಇದೆ. ಅಕ್ಷರ ಬದಲಿಸುವ ಆಟಕ್ಕೆ ಇದಕ್ಕಿಂತ ಒಳ್ಳೆ ಸಾಮಗ್ರಿ ಯಾವ ಕಿಟ್‌ನಲ್ಲೂ ಸಿಗುವುದಿಲ್ಲ. ತನ್ನ ಮನೆಯ ಮಾತಿಗೆ ತರಗತಿಯಲ್ಲಿ ಜಾಗ ಇದೆ ಎಂದು ಮಗುವಿಗೆ ಗೊತ್ತಾಗುವುದು ನನಗೆ ಓದಿನಷ್ಟೇ ಮುಖ್ಯ.

ತಮಿಳು ಮನೆಯ ಮಗುವಿಗೆ ಕ-ಗ, ತ-ದ, ಪ-ಬ ನಡುವೆ ಗೊಂದಲ ಆಗಬಹುದು. ಅಚ್ಚ ತಮಿಳಿನಲ್ಲಿ ಈ ವ್ಯತ್ಯಾಸದಿಂದ ಅರ್ಥ ಬದಲಾಗುವುದಿಲ್ಲ, ಬರೆಯಲೂ ಒಂದೇ ಅಕ್ಷರ. ಗಾಳಿ-ಕಾಳಿ, ಬಟ್ಟೆ-ಪಟ್ಟೆ ಜೋಡಿಗಳನ್ನು ಈ ಮಕ್ಕಳಿಗೆ ಜಾಸ್ತಿ ಆಡಿಸಿ. ಉರ್ದು ಮನೆಯ ಮಗುವಿಗೆ 'ಘರ್', 'ಖಾನಾ'ದಿಂದ ಮಹಾಪ್ರಾಣ ಆಗಲೇ ಪರಿಚಯ, ಆ ಮಗುವಿನಿಂದಲೇ ಉಳಿದವರಿಗೆ ಹೇಳಿಸಿ. ಅದಕ್ಕೆ ತೊಡಕಾಗುವುದು ಲ-ಳ. ಬಲೆ-ಬಳೆ, ಎಲೆ-ಎಳೆ ಆಟ ಅದಕ್ಕೆ ಬೇಕು.

ಕಾಗುಣಿತ: ಅಡ್ಡ ಸಾಲೋ, ಉದ್ದ ಸಾಲೋ?

ಅಕ್ಷರವನ್ನು ಒಡೆದು ಕೇಳಿಸುವ ಕಾಲ ಇದು. 34 ವ್ಯಂಜನಕ್ಕೆ 13 ಸ್ವರ ಸೇರಿದರೇ 442 ರೂಪ. ಮೇಲೆ ಒತ್ತು, ಅರ್ಕಾವತ್ತು. ಕನ್ನಡ ಓದುವ ಮಕ್ಕಳ ಬಗ್ಗೆ ಸಂಶೋಧಕಿ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳಿತು: ಅಕ್ಷರಗಳ ಕಲಿಕೆ ಮೂರು, ನಾಲ್ಕನೇ ತರಗತಿಯವರೆಗೂ ನಡೆಯುತ್ತಲೇ ಇರುತ್ತದೆ, ಬಿಡಿ ಧ್ವನಿಯ ಅರಿವು ಮಕ್ಕಳಲ್ಲಿ ನಿಧಾನವಾಗಿ ಮೂಡುತ್ತದೆ. ಒಂದನೇ ತರಗತಿಯಲ್ಲೇ 'ಕ್, ಅ' ಎಂದು ಒಡೆಸಲು ಅವಸರ ಪಡುವುದು ಬೇಡ ಅನ್ನುವುದಕ್ಕೆ ನನಗೆ ಇದೂ ಒಂದು ಆಧಾರ.

ಕ ಕಾ ಕಿ ಕೀ ಎಂದು ಅಡ್ಡ ಸಾಲನ್ನು ರಾಗವಾಗಿ ಹೇಳಿಸಿದರೆ ಬಾಯಿಪಾಠ ಬೇಗ ಬರುತ್ತದೆ. ಆದರೆ 'ಕೋ' ಗುರುತಿಸು ಅಂದರೆ ಮಗು ಮೊದಲಿಂದ ಹಾಡಿಕೊಂಡು ಅಲ್ಲಿಗೆ ಬರಬೇಕು. ಉದ್ದ ಸಾಲು ನೋಡಿ: ರಾ ಗಾ ಸಾ ದಾ. ಒಂದೇ ಚಿಹ್ನೆ, ಒಂದೇ ಎಳೆತ, ವ್ಯಂಜನ ಮಾತ್ರ ಬೇರೆ. ಬಾಯಿ ತೆರೆದು ಎಳೆದರೆ ಎಲ್ಲದರ ಬಾಲದಲ್ಲೂ ಆ ಕೇಳಿಸುತ್ತದೆ. ಹೀಗೆ ಆ, ಇ, ಉ ಮೂರು ಗಟ್ಟಿಯಾದ ಮೇಲೆ ಅಡ್ಡ ಸಾಲಿಗೆ ಬನ್ನಿ: ಗ ಗಾ ಗಿ ಗು, ಇದರಲ್ಲಿ ಬದಲಾಗದೆ ಉಳಿದದ್ದು ಯಾವುದು? ಮಗು ಗ್ ಎಂದು ಗಂಟಲಲ್ಲೇ ಹಿಡಿದು ತೋರಿಸಿದರೆ ಅದು ಅಕ್ಷರದ ಒಳಗೆ ಕಾಲಿಟ್ಟಿದೆ. ನನ್ನ ಆಯ್ಕೆ ಉದ್ದ ಸಾಲು ಮೊದಲು, ಅಡ್ಡ ಸಾಲು ಆಮೇಲೆ.

ಇಂಗ್ಲಿಷ್ ಪಾಠಕ್ಕೆ ಬೇರೆ ಲೆಕ್ಕ

2019-20ರಿಂದ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗ ಶುರುವಾದ ಮೇಲೆ ಒಬ್ಬರೇ ಶಿಕ್ಷಕರು ಎರಡೂ ಭಾಷೆ ಓದಿಸುವುದು ಸಾಮಾನ್ಯ. ಇಂಗ್ಲಿಷಿಗೆ ಬಿಡಿ ಧ್ವನಿಯ ಕೆಲಸ ಮೊದಲಿಂದಲೇ ಬೇಕು. ಅಮೆರಿಕದ ರಾಷ್ಟ್ರೀಯ ಓದು ಸಮಿತಿ 2000ದಲ್ಲಿ ಕೊಟ್ಟ ವರದಿಯ ಪ್ರಕಾರ, ಅಕ್ಷರ ತೋರಿಸುತ್ತಾ, ಸಣ್ಣ ಗುಂಪಿನಲ್ಲಿ, ಒಂದೆರಡು ಕೌಶಲಕ್ಕೆ ಮಾತ್ರ ಗಮನ ಕೊಟ್ಟಾಗ ಫಲ ಹೆಚ್ಚು. ಒಟ್ಟು 5ರಿಂದ 18 ಗಂಟೆಯ ಪಾಠವೇ ಹೆಚ್ಚು ಫಲ ಕೊಟ್ಟಿತ್ತು. ನಮ್ಮ ಮಕ್ಕಳಿಗೆ ಒಂದು ಹೆಚ್ಚಿನ ತೊಡಕು: ಬಸ್ಸು, ಬುಕ್ಕು, ಕ್ಯಾಟು ಎಂದು ಕೊನೆಗೆ ಉ ಸೇರಿಸುವ ಅಭ್ಯಾಸ. 'ಕ್ಯಾಟ್' ಕೊನೆಯ ಧ್ವನಿ ಯಾವುದು ಅಂದರೆ ಟು ಅನ್ನುತ್ತಾರೆ. ಅದಕ್ಕೆ ಮೊದಲ ಧ್ವನಿಯ ಆಟ ಚೆನ್ನಾಗಿ ಆದಮೇಲೆ ಕೊನೆಯ ಧ್ವನಿಗೆ ಹೋಗಿ. ಈ ವಿಧಾನವನ್ನು ಹಾಗೇ ಎತ್ತಿಕೊಂಡು ಕನ್ನಡದ ಒಂದನೇ ತರಗತಿಗೆ ತರಬೇಡಿ.

ನಿಮ್ಮ ಪರಿಸ್ಥಿತಿಗೆ ಯಾವುದು?

ನಲಿಕಲಿ ತರಗತಿಯಾದರೆ ಏಣಿ ಬಿಡಬೇಡಿ, ಬೆಳಗಿನ ಹತ್ತು ನಿಮಿಷ ಕಿವಿಗೆ ಕೊಡಿ. ಅಂಗನವಾಡಿ, ಎಲ್‌ಕೆಜಿ ಆದರೆ ಬರೆಯಿಸುವುದೇ ಬೇಡ, ಪೂರ್ತಿ ಬಾಯಿಮಾತಿನ ಆಟ. ಖಾಸಗಿ ಶಾಲೆಯ ಪುಸ್ತಕ ವರ್ಣಮಾಲೆ ಕ್ರಮದಲ್ಲೇ ಇದ್ದರೆ, ಪೋಷಕರ ಒತ್ತಾಯವೂ ಇದ್ದರೆ, ಜಗಳ ಆಡಬೇಕಿಲ್ಲ. ವರ್ಣಮಾಲೆ ಹಾಡಾಗಿ ಹೇಳಿಸಿ, ಗೋಡೆಗೆ ಹಾಕಿ. ಓದಿಸಲು, ಬರೆಯಿಸಲು ಮಾತ್ರ ಪದ ಹುಟ್ಟುವ ಅಕ್ಷರಗಳನ್ನು ನೀವೇ ಆರಿಸಿಕೊಳ್ಳಿ. ಮಗು ಮನೆಗೆ ಹೋಗಿ 'ಗರಗಸ' ಓದಿ ತೋರಿಸಿದ ದಿನ ಅಮ್ಮನೇ ನಿಮ್ಮ ಪರ ಆಗುತ್ತಾರೆ.

ಕೊನೆಯದು ಮೂರನೇ ತರಗತಿಗೆ ಬಂದೂ ಓದಲಾಗದ ಮಗು. ಅದನ್ನು ಮತ್ತೆ ಅ ಆ ಇ ಈಗೆ ಕೂರಿಸುವುದು ರೂಢಿ. ಅದರ ಬದಲು ಪಕ್ಕಕ್ಕೆ ಕರೆದು, ಪುಸ್ತಕ ಇಲ್ಲದೆ ಕೆಲವು ಪ್ರಶ್ನೆ ಕೇಳಿ. ಮುಳಬಾಗಿಲಿಗೆ ಎಷ್ಟು ಚಪ್ಪಾಳೆ? ಸ, ರ ಸೇರಿದರೆ ಯಾವ ಮಾತು? ಅರಸದಲ್ಲಿ ಅ ತೆಗೆದರೆ? ಇಲ್ಲೇ ತಡವರಿಸಿದರೆ ಅಕ್ಷರದ ಮಟ್ಟದ ಕಿವಿ ಆಟವೇ ಬೇಕು, ದೊಡ್ಡ ಮಗು ಎಂದು ಸಂಕೋಚ ಬೇಡ, ಊರಿನ ಹೆಸರುಗಳಿಂದ ಆಡಿಸಿದರೆ ಮಗುವಿಗೂ ನಾಚಿಕೆ ಆಗುವುದಿಲ್ಲ. ಇವು ಸರಿಯಾಗಿ ಬಂದು, ಗಿ ಮತ್ತು ಸಿ ಎರಡರಲ್ಲೂ ಒಂದೇ ಆಗಿರುವುದು ಯಾವುದು ಅಂದಾಗ ನಿಂತರೆ ಕಾಗುಣಿತದ ಉದ್ದ ಸಾಲಿಗೆ ಹೋಗಿ. ಅದೂ ಸರಿಯಿದ್ದು ಕತೆ-ಕತ್ತೆ ಬೇರೆ ಮಾಡಲು ಆಗದಿದ್ದರೆ ಒತ್ತಕ್ಷರದ ಜೋಡಿ ಮಾತು. ಎಲ್ಲವೂ ಕಿವಿಗೆ ಸರಿಯಾಗಿ ಕೇಳಿಸಿ, ಪುಟದ ಮೇಲೆ ಮಾತ್ರ ಎಡವುತ್ತಿದ್ದರೆ ಆಗ ಅಕ್ಷರದ ಆಕಾರ ನೋಡಿ. ಮ-ಯ, ಪ-ಷ, ದ-ಧ ಅದಲುಬದಲು ಆಗುತ್ತಿರಬಹುದು. ಹೀಗೆ ಕೇಳಿಯೂ ಉತ್ತರ ಸಿಗದಿದ್ದರೆ, ಮಗುವಿನ ಕಣ್ಣು ಮತ್ತು ಕಿವಿಯ ತಪಾಸಣೆ ಆಗಿದೆಯಾ ಎಂದು ಪೋಷಕರನ್ನು ವಿಚಾರಿಸಿ.